ಫೋಟೋದಲ್ಲಿ ಹಸಿರು, ಬಳ್ಳಿಯಲ್ಲಿ ಹಳದಿ: ಮೊಬೈಲ್ ಕ್ಯಾಮೆರಾ ಎಲೆಯ ಬಣ್ಣ ಹಿಡಿಯುವ ಬಗೆ

ಕಳೆದ ಕಾರ್ತಿಕದಲ್ಲಿ ಪಕ್ಕದೂರಿನ ಹಿರಿಯ ಬೆಳೆಗಾರರೊಬ್ಬರು ಒಂದು ಸಂಜೆ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಫೋಟೋ ಕಳಿಸಿದರು. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ. "ತಮ್ಮಾ, ಬಳ್ಳಿ ಯಾಕೋ ಬಿಳುಚಿದ ಹಾಗೆ ಕಾಣ್ತದೆ, ಒಂಚೂರು ನೋಡು" ಅಂತ ಜೊತೆಗೊಂದು ಧ್ವನಿ ಸಂದೇಶ. ಫೋಟೋ ದೊಡ್ಡದು ಮಾಡಿ ನೋಡಿದೆ. ಎಲೆ ಹಸಿರಾಗೇ ಇತ್ತು, ಅದೂ ಒಳ್ಳೆ ಗಾಢ ಹಸಿರು. "ಅಣ್ಣ, ತೊಂದ್ರೆ ಏನೂ ಕಾಣ್ತಿಲ್ಲ, ಎರಡು ವಾರ ಬಿಟ್ಟು ನೋಡೋಣ" ಅಂದುಬಿಟ್ಟೆ.

ಎರಡು ವಾರ ಬಿಟ್ಟು ತೋಟಕ್ಕೆ ಹೋದಾಗ ಎಂಟು ಬಳ್ಳಿ ಎಲೆ ಉದುರಿಸಿಕೊಂಡು ನಿಂತಿದ್ದವು. ಬುಡ ಕೆದಕಿದರೆ ಬೇರಿನಲ್ಲಿ ಗಂಟು, ತುದಿ ಕೊಳೆತಿದೆ. ನಿಧಾನ ಸೊರಗು ರೋಗ. ಜಂತುಹುಳು ಮತ್ತು ಫೈಟಾಫ್ತೊರ ರೋಗಾಣು ಸೇರಿ ಮಾಡುವ ಕೆಲಸ ಇದು. ಮಳೆಗಾಲದಲ್ಲಿ ಬೇರು ಹಾಳಾಗಿರುತ್ತೆ, ಮಣ್ಣಿನ ತೇವ ಇಳಿಯುತ್ತಾ ಬಂದ ಹಾಗೆ ಎಲೆ ಹಳದಿಯಾಗಿ ಗೊತ್ತಾಗುತ್ತೆ. ಎರಡು ವಾರ ಮೊದಲೇ ಗೊತ್ತಾಗಿದ್ದರೆ ಎಂಟೂ ಬಳ್ಳಿ ಉಳೀತಿತ್ತು ಅಂತ ನಾನು ಹೇಳಲಾರೆ. ಆದರೆ ಅಕ್ಕಪಕ್ಕದ ಬಳ್ಳಿಗಳ ಬುಡದ ಕೆಲಸ ಅಷ್ಟು ಬೇಗ ಶುರುವಾಗ್ತಿತ್ತು. ಅವರ ಕಣ್ಣು ಸರಿಯಾಗೇ ನೋಡಿತ್ತು. ನಾನು ಅವರ ಮಾತು ಬಿಟ್ಟು ಫೋಟೋ ನಂಬಿದೆ.

ಅಂದಿನಿಂದ ಕ್ಯಾಮೆರಾ ಬಣ್ಣವನ್ನ ಹೇಗೆ ಹಿಡಿಯುತ್ತೆ ಅಂತ ಓದೋಕೆ ಶುರು ಮಾಡಿದೆ. ಈ ವಾರದ ಬರಹ ಅದರ ಬಗ್ಗೆ. "ಎಲೆ ಹಳದಿ ಆಗಿದೆ, ಏನು ಹಾಕಲಿ" ಅಂತ ಫೋಟೋ ಕಳಿಸೋರು, ಅದನ್ನ ನೋಡಿ ಸಲಹೆ ಹೇಳೋರು, ಇಬ್ಬರೂ ತಿಳ್ಕೊಂಡಿರಬೇಕಾದ ವಿಷಯ.

ಮೊದಲು ಒಂದು ಮಾತು. ಕ್ಯಾಮೆರಾದ ಒಳಗಿರುವ ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ. ಅದು ಸಿಲಿಕಾನ್‌ನ ಒಂದು ಚೂರು, ಕಿರುಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಅದರ ಮೇಲೆ ಲಕ್ಷಗಟ್ಟಲೆ ಪುಟ್ಟ ಪುಟ್ಟ ಗುಂಡಿಗಳು ಸಾಲಾಗಿ ಇರುತ್ತವೆ ಅಂದ್ಕೊಳ್ಳಿ. ಒಂದೊಂದು ಗುಂಡಿಯೂ ಒಂದು ಪಿಕ್ಸೆಲ್. ಮೊಬೈಲ್‌ನಲ್ಲಿ ಒಂದರ ಅಗಲ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ಬೆಳಕು ಬಿದ್ದರೆ ಸಿಲಿಕಾನ್‌ನಿಂದ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಆ ಗುಂಡಿಯಲ್ಲಿ ತುಂಬಿಕೊಳ್ಳುತ್ತವೆ. ಹೆಚ್ಚು ಬೆಳಕು, ಹೆಚ್ಚು ಎಲೆಕ್ಟ್ರಾನ್. ಕ್ಷಣದ ನಂತರ ಪ್ರತಿ ಗುಂಡಿಯಲ್ಲೂ ಎಷ್ಟಿದೆ ಅಂತ ಅಳೆದು ಅಂಕಿ ಬರ್ಕೊಳ್ಳುತ್ತೆ. ನಮ್ಮ ಮಳೆಮಾಪಕ ಇದ್ದ ಹಾಗೆಯೇ. ಎಷ್ಟು ಮಿಲಿಮೀಟರ್ ಬಿತ್ತು ಅಂತ ಹೇಳುತ್ತೆ, ಮಳೆ ಯಾವ ದಿಕ್ಕಿನಿಂದ ಬಂತು ಅಂತ ಹೇಳಲ್ಲ. ಹಾಗೇ ಗುಂಡಿಗೆ ಬಿದ್ದ ಬೆಳಕು ಕೆಂಪೋ ನೀಲಿಯೋ ಅನ್ನೋದು ಆ ಅಂಕಿಯಲ್ಲಿ ಇರೋದಿಲ್ಲ. ಹಾಗೇ ಬಿಟ್ಟರೆ ಬರೋದು ಕಪ್ಪು-ಬಿಳುಪು ಫೋಟೋ.

ಬಣ್ಣ ಬೇಕು ಅಂದರೆ ಬೆಳಕನ್ನ ಮೊದಲೇ ಸೋಸಬೇಕು. ಇದು ಹಳೇ ಉಪಾಯ. 1861ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅನ್ನೋ ವಿಜ್ಞಾನಿ ಒಂದು ಬಣ್ಣದ ರಿಬ್ಬನ್‌ನ ಫೋಟೋಗಳನ್ನ ತೋರಿಸಿದ. ಥಾಮಸ್ ಸಟನ್ ಅನ್ನೋ ಛಾಯಾಗ್ರಾಹಕ ಅವನ್ನ ಕೆಂಪು, ಹಸಿರು, ನೀಲಿ ಫಿಲ್ಟರ್ ಮೂಲಕ ಬೇರೆ ಬೇರೆ ತೆಗೆದಿದ್ದ. ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಒಂದೇ ಪರದೆ ಮೇಲೆ ಬಿಟ್ಟಾಗ ಬಣ್ಣದ ಚಿತ್ರ ಮೂಡಿತು. ತಮಾಷೆ ಏನಂದರೆ ಆ ಕಾಲದ ಫೋಟೋ ರಾಸಾಯನಿಕಕ್ಕೆ ಕೆಂಪು ಬೆಳಕು ಹೆಚ್ಚುಕಮ್ಮಿ ಕಾಣ್ತಲೇ ಇರಲಿಲ್ಲ. ರಿಬ್ಬನ್‌ನ ಕೆಂಪು ಬಣ್ಣ ನಮ್ಮ ಕಣ್ಣಿಗೆ ಕಾಣದ ಅತಿನೇರಳೆಯನ್ನೂ ಪ್ರತಿಫಲಿಸ್ತಿತ್ತು, ಕೆಂಪು ಫಿಲ್ಟರ್ ಅದನ್ನೂ ಒಳಗೆ ಬಿಡ್ತಿತ್ತು, ಅದೇ ಕೆಂಪಿನ ಜಾಗದಲ್ಲಿ ದಾಖಲಾಯ್ತು ಅಂತ ನೂರು ವರ್ಷದ ಮೇಲೆ ಗೊತ್ತಾಯ್ತು. ಸೋಸುವಿಕೆಯಲ್ಲಿ ಕಾಣದ ಬೆಳಕು ನುಸುಳಿದರೆ ಏನಾಗುತ್ತೆ ಅನ್ನೋ ವಿಷಯಕ್ಕೆ ಮತ್ತೆ ಬರ್ತೀನಿ.

ಮ್ಯಾಕ್ಸ್‌ವೆಲ್‌ನ ಹಾಗೆ ಮೂರು ಸಲ ಫೋಟೋ ತೆಗೆಯೋಕೆ ಗಾಳಿಗೆ ಅಲ್ಲಾಡುವ ಎಲೆ ಬಿಡೋದಿಲ್ಲ. ಇದಕ್ಕೆ ದಾರಿ ಕಂಡುಹಿಡಿದವರು ಕೊಡ್ಯಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್. 1975ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1976ರಲ್ಲಿ ಸಿಕ್ಕಿತು. (ಬೇಯರ್ ಅಂದ ಕೂಡಲೇ ನಮ್ಮ ರೈತರಿಗೆ ಔಷಧದ ಡಬ್ಬಿ ನೆನಪಾಗುತ್ತೆ. ಆ ಕಂಪನಿಗೂ ಇವರಿಗೂ ಸಂಬಂಧ ಇಲ್ಲ.) ಉಪಾಯ ಸರಳ. ಪ್ರತಿ ಗುಂಡಿಯ ಮೇಲೂ ಒಂದೊಂದು ಬಣ್ಣದ ತೆಳು ಮುಚ್ಚಳ. ಒಂದು ಸಾಲಿನಲ್ಲಿ ಹಸಿರು, ಕೆಂಪು, ಹಸಿರು, ಕೆಂಪು. ಮುಂದಿನ ಸಾಲಿನಲ್ಲಿ ನೀಲಿ, ಹಸಿರು, ನೀಲಿ, ಹಸಿರು. ನಾಲ್ಕು ಗುಂಡಿಯ ಒಂದು ಚೌಕ ತಗೊಂಡರೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರು ಯಾಕೆ ಎರಡು ಪಾಲು? ನಮ್ಮ ಕಣ್ಣು ಹಗಲಿನಲ್ಲಿ ಅತಿ ಚುರುಕಾಗಿರೋದು ಹಸಿರಿನ ಸುತ್ತಮುತ್ತ, ಸುಮಾರು 555 ನ್ಯಾನೋಮೀಟರ್ ಹತ್ತಿರ. ಚಿತ್ರದ ಸೂಕ್ಷ್ಮ ವಿವರವನ್ನ ಕಣ್ಣು ಹೆಚ್ಚಾಗಿ ಅಲ್ಲಿಂದಲೇ ಓದಿಕೊಳ್ಳುತ್ತೆ. ಇವತ್ತು ನಿಮ್ಮ ಜೇಬಿನಲ್ಲಿರುವ ಮೊಬೈಲ್‌ನಲ್ಲೂ ಹೆಚ್ಚುಕಮ್ಮಿ ಇದೇ ಜೋಡಣೆ. 48 ಮೆಗಾಪಿಕ್ಸೆಲ್ ಅಂತ ಮಾರುವ ಎಷ್ಟೋ ಫೋನ್‌ಗಳಲ್ಲಿ ಒಂದೇ ಬಣ್ಣದ ನಾಲ್ಕು ಗುಂಡಿ ಒಟ್ಟಿಗೆ ಇಟ್ಟು, ಸೇರಿಸಿ 12 ಮೆಗಾಪಿಕ್ಸೆಲ್‌ನ ಚಿತ್ರ ಕೊಡ್ತಾರೆ, ಅಷ್ಟೇ.

ಈಗ ಲೆಕ್ಕ ಹಾಕಿ. 12 ಮೆಗಾಪಿಕ್ಸೆಲ್ ಅಂದರೆ 120 ಲಕ್ಷ ಗುಂಡಿ. ಅದರಲ್ಲಿ 60 ಲಕ್ಷ ಹಸಿರು ಮಾತ್ರ ಅಳೆದಿವೆ, 30 ಲಕ್ಷ ಕೆಂಪು ಮಾತ್ರ, 30 ಲಕ್ಷ ನೀಲಿ ಮಾತ್ರ. ಆದರೆ ಫೋಟೋದಲ್ಲಿ ಪ್ರತಿ ಚುಕ್ಕಿಗೂ ಮೂರೂ ಬಣ್ಣದ ಅಂಕಿ ಬೇಕು. ಉಳಿದ ಎರಡು ಎಲ್ಲಿಂದ ಬಂತು? ಅಕ್ಕಪಕ್ಕದ ಗುಂಡಿ ನೋಡಿ ಅಂದಾಜು ಮಾಡಿದ್ದು. ಅಂದರೆ ನೀವು ನೋಡುವ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಂದಾಜು. ಬೇಳೆ ಬೆಂದಿದೆಯಾ ಅಂತ ಒಂದು ಕಾಳು ಹಿಸುಕಿ ಹೇಳಿದ ಹಾಗೆ. ಅಗಲವಾದ ಎಲೆಗೆ ಇದರಿಂದ ತೊಂದರೆ ಇಲ್ಲ. ಆದರೆ ನುಸಿ ಕಚ್ಚಿದ ಸೂಜಿಮೊನೆಯಂಥ ಚುಕ್ಕಿ, ಥ್ರಿಪ್ಸ್ ಕೆರೆದ ಗೆರೆ, ಇವೆಲ್ಲ ದೂರದಿಂದ ತೆಗೆದರೆ ಒಂದೆರಡು ಗುಂಡಿಯಷ್ಟೇ ಜಾಗ ಹಿಡಿಯುತ್ತವೆ. ಅಲ್ಲಿ ಅಂದಾಜು ತಪ್ಪುತ್ತೆ. ಚುಕ್ಕಿ ಅಳಿಸಿಹೋಗಬಹುದು, ಅಥವಾ ಇಲ್ಲದ ಬಣ್ಣದ ಅಂಚು ಹುಟ್ಟಬಹುದು.

ಬಣ್ಣ ಬೇರ್ಪಡಿಸೋಕೆ ಬೇರೆ ದಾರಿಗಳೂ ಇವೆ. ಟಿವಿಯವರ ದೊಡ್ಡ ಕ್ಯಾಮೆರಾಗಳಲ್ಲಿ ಗಾಜಿನ ಪಟ್ಟಕ ಇಟ್ಟು ಬೆಳಕನ್ನ ಮೂರು ಕವಲು ಮಾಡಿ ಮೂರು ಸೆನ್ಸರ್‌ಗೆ ಕೊಡ್ತಾರೆ. ಫೋವಿಯಾನ್ ಅನ್ನೋ ಸೆನ್ಸರ್‌ನಲ್ಲಿ ಮುಚ್ಚಳವೇ ಇಲ್ಲ. ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಪದರದಲ್ಲೇ ಹೀರಿಹೋಗುತ್ತೆ, ಕೆಂಪು ಆಳಕ್ಕೆ ಇಳಿಯುತ್ತೆ, ಆ ಆಳವನ್ನೇ ನೋಡಿ ಬಣ್ಣ ಹೇಳುತ್ತೆ. 2002ರಲ್ಲಿ ಸಿಗ್ಮಾ ಕಂಪನಿ ಅಂಥ ಕ್ಯಾಮೆರಾ ತಂದಿತು, ಆದರೆ ಮೊಬೈಲ್‌ನಲ್ಲಿ ಬೇಯರ್ ಜೋಡಣೆಯೇ ಗೆದ್ದಿದೆ.

ನಮಗೆ ಮುಖ್ಯವಾದ ಮಾತು ಈಗ ಬರೋದು. ಆ ಮುಚ್ಚಳಗಳಲ್ಲಿ ಹಳದಿ ಇದೆಯಾ? ಇಲ್ಲ. ಕ್ಯಾಮೆರಾದಲ್ಲಿ ಹಳದಿ ಅನ್ನೋದು ಕೆಂಪು ಮತ್ತು ಹಸಿರು ಎರಡೂ ಜೋರಾಗಿ, ನೀಲಿ ಕಡಿಮೆ ಇರುವ ಸ್ಥಿತಿ. ಆರೋಗ್ಯವಾದ ಎಲೆಯಲ್ಲಿ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರಿಕೊಳ್ಳುತ್ತೆ, ಹಸಿರನ್ನ ಅಷ್ಟು ಹೀರಲ್ಲ, ಅದಕ್ಕೇ ಹಸಿರು ಕಾಣೋದು. ಪತ್ರಹರಿತ್ತು ಕಡಿಮೆಯಾದ ಹಾಗೆ ಕೆಂಪು ಬೆಳಕು ಹೀರದೇ ವಾಪಸ್ ಬರುತ್ತೆ. ಹಸಿರಿನ ಜೊತೆ ಕೆಂಪು ಸೇರಿತು, ಎಲೆ ಹಳದಿ ಆಯ್ತು. ಅಂದರೆ ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ಬೇರು ಕೊಳೆತ, ಎಲ್ಲದರ ಮೊದಲ ಸುದ್ದಿ ಫೋಟೋದಲ್ಲಿ ಸಿಗೋದು ಕೆಂಪು ಗುಂಡಿಗಳಲ್ಲಿ. ಅದು 120ರಲ್ಲಿ 30 ಲಕ್ಷ ಮಾತ್ರ. ಆ ಕೆಂಪು ಲೆಕ್ಕ ಏರುಪೇರು ಮಾಡುವ ಯಾವುದೇ ವಿಷಯ ನಮ್ಮ ರೋಗನಿರ್ಣಯವನ್ನೂ ಏರುಪೇರು ಮಾಡುತ್ತೆ.

ಅಡಿಕೆ ತೋಟದ ನೆರಳಿನಲ್ಲಿ ಆಗಿದ್ದು ಅದೇ. ಮೇಲಿನ ಸೋಗೆಗಳು ಕೆಂಪು, ನೀಲಿ ಎರಡನ್ನೂ ಹೀರಿಕೊಂಡು ಕೆಳಗೆ ಬಿಡುವ ಬೆಳಕಿನಲ್ಲಿ ಹಸಿರಿನ ಪಾಲು ಜಾಸ್ತಿ. ಹಳದಿ ಎಲೆ ಕೆಂಪನ್ನ ವಾಪಸ್ ಕಳಿಸೋಕೆ ರೆಡಿ ಇದೆ, ಆದರೆ ಅದರ ಮೇಲೆ ಕೆಂಪು ಬಿದ್ದರೆ ತಾನೇ ಕಳಿಸೋದು? ಬೀಳೋದೇ ಕಮ್ಮಿ. ಕೆಂಪು ಗುಂಡಿಗಳು ಅರ್ಧಂಬರ್ಧ ತುಂಬಿದವು, ಎಲೆ ಹಸಿರಾಗಿ ದಾಖಲಾಯ್ತು. ಮೇಲಿಂದ ಸಂಜೆ ಹೊತ್ತು. ಅದರ ಮೇಲೆ, ಈಗಿನ ಎಷ್ಟೋ ಫೋನ್‌ಗಳು ಎದುರಿಗೆ ಗಿಡ ಇದೆ ಅಂತ ಗುರುತಿಸಿ ಹಸಿರನ್ನ ತಾವಾಗೇ ಗಾಢ ಮಾಡುತ್ತವೆ, ಚಂದ ಕಾಣಲಿ ಅಂತ. ಹಸಿರು ಶೇಡ್ ನೆಟ್ ಕೆಳಗಿನ ನರ್ಸರಿಯಲ್ಲೂ ಇದೇ ಕಥೆ. ನೆಟ್ ಒಳಗೆ ತೆಗೆದ ಸಸಿಯ ಫೋಟೋ ನೋಡಿ ಸಸಿ ಕೊಂಡುಕೊಳ್ಳಬೇಡಿ ಅಂತ ನಾನು ಈಗ ಎಲ್ಲರಿಗೂ ಹೇಳ್ತೀನಿ.

ಇದರ ಉಲ್ಟಾ ಕೂಡ ಆಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಚೆನ್ನಾಗಿರೋ ಎಲೆ ಹಳದಿ ಕಾಣೋದು ನೋಡಿದ್ದೀರಾ? ಗುಂಡಿಗೆ ಒಂದು ಮಿತಿ ಇದೆ, ತುಂಬಿದ ಮೇಲೆ ಎಷ್ಟು ಬೆಳಕು ಬಿದ್ದರೂ ಅಂಕಿ ಏರಲ್ಲ. ಎಲೆಯ ಹಸಿರು ಬೆಳಕೇ ಜಾಸ್ತಿ ಆದ್ದರಿಂದ ಹಸಿರು ಗುಂಡಿ ಮೊದಲು ತುಂಬಿ ನಿಲ್ಲುತ್ತೆ. ಕೆಂಪು ಗುಂಡಿ ಇನ್ನೂ ಏರ್ತಾನೇ ಇರುತ್ತೆ. ಎರಡರ ಅಂತರ ಕಮ್ಮಿಯಾಯ್ತು ಅಂದರೆ ಫೋಟೋದಲ್ಲಿ ಹಳದಿ. ಇಂಥ ಫೋಟೋ ನೋಡಿ ಮೆಗ್ನೀಸಿಯಂ ಸಲ್ಫೇಟ್ ಹೊಡೆದವರನ್ನ ನಾನು ಬಲ್ಲೆ. ಇದರ ಜೊತೆಗೆ ಮೆಣಸು, ಕಾಫಿಯಂಥ ನುಣುಪು ಎಲೆಗಳ ಮೇಲೆ ಆಕಾಶವೇ ಹೊಳೆದು ಎಲೆ ಬಿಳುಚಿದ ಹಾಗೆ ಕಾಣುತ್ತೆ. ಎಲೆಯನ್ನ ಸ್ವಲ್ಪ ಓರೆ ಮಾಡಿದರೆ ಹೊಳಪು ಹೋಗುತ್ತೆ.

ಮೂರನೇ ಗೊಂದಲ, ವೈಟ್ ಬ್ಯಾಲೆನ್ಸ್. ಬೆಳಗಿನ ಬೆಳಕು ಕೆಂಪು, ನೆರಳಿನದು ನೀಲಿ, ಬಲ್ಬಿನದು ಹಳದಿ. ನಮ್ಮ ಮೆದುಳು ಇದನ್ನ ತಾನೇ ಸರಿ ಮಾಡ್ಕೊಳ್ಳುತ್ತೆ, ಪಂಚೆ ಎಲ್ಲಿದ್ದರೂ ಬಿಳಿಯೇ ಅನ್ನಿಸುತ್ತೆ. ಕ್ಯಾಮೆರಾ ಮಾತ್ರ ಲೆಕ್ಕ ಹಾಕಬೇಕು. ಅದರ ಒಂದು ಹಳೇ ಲೆಕ್ಕ ಹೀಗಿದೆ: ಚಿತ್ರದ ಎಲ್ಲಾ ಬಣ್ಣ ಕಲಸಿದರೆ ಬೂದು ಬರಬೇಕು, ಬಾರದಿದ್ದರೆ ಬೆಳಕಿನ ಬಣ್ಣವೇ ಕೆಟ್ಟಿದೆ, ಸರಿಪಡಿಸು. ಮದುವೆ ಮನೆಯ ಫೋಟೋಗೆ ಇದು ಸರಿ. ಆದರೆ ನೀವು ಒಂದೇ ಎಲೆಯನ್ನ ಪರದೆ ತುಂಬ ಹಿಡಿದರೆ? ಎಲ್ಲಾ ಹಸಿರು. ಬೆಳಕೇ ಹಸಿರಾಗಿದೆ ಅಂದುಕೊಂಡು ಕ್ಯಾಮೆರಾ ಹಸಿರನ್ನ ತಗ್ಗಿಸುತ್ತೆ, ಎಲೆ ಮಂಕಾಗಿ ಕಂದು ಬಣ್ಣಕ್ಕೆ ವಾಲುತ್ತೆ. ಈಗಿನ ಫೋನ್‌ಗಳ ಲೆಕ್ಕ ಇದಕ್ಕಿಂತ ಜಾಣತನದ್ದು, ಆದರೂ ತಪ್ಪುತ್ತೆ. ಒಂದೇ ಎಲೆಯನ್ನ ಕೆಂಪು ಮಣ್ಣಿನ ಮೇಲೆ ಒಮ್ಮೆ, ಬಿಳಿ ಹಾಳೆಯ ಮೇಲೆ ಒಮ್ಮೆ ಇಟ್ಟು ತೆಗೆದು ನೋಡಿ, ಎರಡು ಬೇರೆ ಎಲೆ ಅನ್ನಿಸಬಹುದು.

ಅಕ್ಕಿ ಗಿರಣಿಯಲ್ಲಿ ಬಣ್ಣ ನೋಡಿ ಕಾಳು ಆರಿಸುವ ಯಂತ್ರ ನೋಡಿರ್ತೀರಿ, ಸಾರ್ಟೆಕ್ಸ್ ಅಕ್ಕಿ ಅಂತ ಅಂಗಡಿಯವರು ಹೇಳೋದು ಅದರಿಂದಲೇ. ಕಾಳು ಜಾರಿ ಬೀಳುವಾಗ ಕ್ಯಾಮೆರಾ ನೋಡಿ, ಕಪ್ಪು ಕಾಳು ಬಂದ ತಕ್ಷಣ ಗಾಳಿ ಊದಿ ಪಕ್ಕಕ್ಕೆ ಎಸೆಯುತ್ತೆ. ಅಲ್ಲೂ ಇರೋದು ಸಿಲಿಕಾನ್ ಸೆನ್ಸರೇ. ಅದಕ್ಕೆ ತಪ್ಪದೇ ಇರೋಕೆ ಕಾರಣ ಪೆಟ್ಟಿಗೆಯೊಳಗಿನ ದೀಪ ಬದಲಾಗಲ್ಲ, ಹಿಂಬದಿ ಬದಲಾಗಲ್ಲ, ದೂರ ಬದಲಾಗಲ್ಲ. ನಮ್ಮ ತೋಟದಲ್ಲಿ ಮೂರೂ ಬದಲಾಗುತ್ತೆ. ಆ ಪೆಟ್ಟಿಗೆಯ ಸ್ಥಿತಿಗೆ ಎಷ್ಟು ಹತ್ತಿರ ಹೋಗೋಕಾಗುತ್ತೋ ಅಷ್ಟು ಹೋಗಬೇಕು.

ನಾನು ಈಗ ಕೇಳೋದು ಹೀಗೆ. ಎಲೆ ಕೊಯ್ದುಕೊಂಡು ತೋಟದಿಂದ ಬಯಲಿಗೆ ಬನ್ನಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ನಿಮ್ಮ ಮೈಯ ನೆರಳು ಎಲೆ ಮೇಲೆ ಬೀಳಲಿ. ಭತ್ತದ ಗದ್ದೆಯಲ್ಲಿ ಎಲೆ ಬಣ್ಣದ ಪಟ್ಟಿ ಹಿಡಿದು ಯೂರಿಯಾ ಲೆಕ್ಕ ಹಾಕಿದವರಿಗೆ ಇದು ಹೊಸದಲ್ಲ, ಅಲ್ಲೂ ಇದೇ ನಿಯಮ. ಕೆಳಗೊಂದು ಬಿಳಿ ಹಾಳೆ ಇಡಿ, ಗೆರೆ ಇಲ್ಲದ್ದು. ಅದರ ಮೇಲೆ ಕಾಯಿಲೆ ಎಲೆ, ಅದರ ಪಕ್ಕ ಅದೇ ಜಾತಿಯ, ಅದೇ ವಯಸ್ಸಿನ ಒಂದು ಒಳ್ಳೆ ಎಲೆ. ಈ ಎರಡನೇ ಎಲೆಯೇ ಎಲ್ಲಕ್ಕಿಂತ ಮುಖ್ಯ. ಕ್ಯಾಮೆರಾ ಏನೇ ತಪ್ಪು ಮಾಡಿದರೂ ಎರಡು ಎಲೆಗೂ ಒಂದೇ ತಪ್ಪು ಮಾಡುತ್ತೆ, ನಡುವಿನ ವ್ಯತ್ಯಾಸ ಉಳಿಯುತ್ತೆ. ಫ್ಲ್ಯಾಶ್ ಬೇಡ, ಬಣ್ಣ ಚಂದ ಮಾಡುವ ಎಐ, ಫಿಲ್ಟರ್ ಯಾವುದಿದ್ದರೂ ಆಫ್ ಮಾಡಿ. ಹಾಳೆ ಸುಟ್ಟ ಹಾಗೆ ಬೆಳ್ಳಗಾಗಿದ್ದರೆ ಪರದೆ ಮೇಲೆ ಎಲೆಯನ್ನ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನ ಸ್ವಲ್ಪ ಕೆಳಗೆ ಎಳೆಯಿರಿ.

ಕಳಿಸುವಾಗಲೂ ಒಂದು ಕಿವಿಮಾತು. ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನ ಕುಗ್ಗಿಸುತ್ತೆ. ಜೆಪೆಗ್ ಅನ್ನೋ ರೀತಿಯಲ್ಲಿ ಕುಗ್ಗಿಸುವಾಗ ಬೆಳಕು-ನೆರಳಿನ ವಿವರಕ್ಕಿಂತ ಬಣ್ಣದ ವಿವರವನ್ನೇ ಜಾಸ್ತಿ ಬಿಸಾಡೋದು. ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣ ಉಳಿಸ್ತಾರೆ. ಎಲೆಯ ನರ ಹಸಿರಾಗಿದ್ದು ಮಧ್ಯದ ಭಾಗ ಮಾತ್ರ ಹಳದಿಯಾಗಿದೆಯಾ ಅನ್ನೋದು ನಮಗೆ ಬೇಕಾದ ಸುಳಿವು, ಹೋಗೋದು ಅದೇ. ಹಾಗಾಗಿ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ತಲುಪುತ್ತೆ. ಜೊತೆಗೆ ಎರಡು ಮಾತು ಬರೆಯಿರಿ: ಹಳದಿ ಶುರುವಾಗಿದ್ದು ಹಳೇ ಎಲೆಯಲ್ಲೋ ಚಿಗುರಲ್ಲೋ. ಹಳೇ ಎಲೆ ಪೂರ್ತಿ ಬಿಳುಚಿದರೆ ಸಾರಜನಕ, ಹಳೇ ಎಲೆಯ ನರಗಳ ನಡುವೆ ಮಾತ್ರ ಆದರೆ ಮೆಗ್ನೀಸಿಯಂ, ಚಿಗುರಿನಲ್ಲಿ ನರ ಬಿಟ್ಟು ಹಳದಿಯಾದರೆ ಕಬ್ಬಿಣ ಅನ್ನೋ ದಿಕ್ಕಿಗೆ ಯೋಚಿಸಬಹುದು. ಈ ಮಾಹಿತಿ ಯಾವ ಸೆನ್ಸರೂ ಕೊಡಲ್ಲ.

ಕಾಣದ ಬೆಳಕಿನ ಮಾತಿಗೆ ಬರೋಣ. ಸಿಲಿಕಾನ್‌ಗೆ ನಮ್ಮ ಕಣ್ಣಿಗಿಂತ ಹೆಚ್ಚು ಕಾಣುತ್ತೆ. ನಮಗೆ ಸುಮಾರು 700 ನ್ಯಾನೋಮೀಟರ್‌ವರೆಗೆ, ಅದಕ್ಕೆ ಸುಮಾರು 1100ರವರೆಗೆ. ಆಚೆಗಿರೋದು ಅವಕೆಂಪು, ಇನ್‌ಫ್ರಾರೆಡ್. ಟಿವಿ ರಿಮೋಟ್‌ನ ಮೂತಿಯನ್ನ ಮೊಬೈಲ್‌ನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಬಹಳ ಫೋನ್‌ಗಳಲ್ಲಿ ನೇರಳೆ-ಬಿಳಿ ಮಿಂಚು ಕಾಣುತ್ತೆ, ಕಣ್ಣಿಗೆ ಕಾಣಲ್ಲ. ಬಣ್ಣದ ಮುಚ್ಚಳಗಳು ಈ ಬೆಳಕನ್ನ ತಡೆಯಲ್ಲ, ಮೂರರ ಮೂಲಕವೂ ನುಸುಳುತ್ತೆ. ಎಲೆಯಂತೂ ಅವಕೆಂಪನ್ನ ಹೇರಳವಾಗಿ ಪ್ರತಿಫಲಿಸುತ್ತೆ, ಬಿದ್ದಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ. ಬಿಟ್ಟರೆ ನಮ್ಮ ತೋಟದ ಫೋಟೋ ಎಲ್ಲ ನೇರಳೆಯಾಗಿ ಹೋಗುತ್ತೆ. ಅದಕ್ಕೇ ಲೆನ್ಸ್ ಮತ್ತು ಸೆನ್ಸರ್ ನಡುವೆ ಅವಕೆಂಪು ತಡೆಯುವ ಇನ್ನೊಂದು ಫಿಲ್ಟರ್ ಹಾಕಿರ್ತಾರೆ.

ಅಂದರೆ ಬೆಳೆಯ ಆರೋಗ್ಯ ಹೇಳುವ ಒಂದು ದೊಡ್ಡ ಸುಳಿವನ್ನ ಮೊಬೈಲ್ ಬಾಗಿಲಲ್ಲೇ ಓಡಿಸುತ್ತೆ. ಎನ್‌ಡಿವಿಐ ಅಂತ ಡ್ರೋನ್‌ನವರು ಹೇಳೋದು ಆ ಸುಳಿವನ್ನೇ. ಅವಕೆಂಪಿನಿಂದ ಕೆಂಪು ಕಳೆದು, ಬಂದದ್ದನ್ನ ಎರಡರ ಮೊತ್ತದಿಂದ ಭಾಗಿಸೋದು. ಉದಾಹರಣೆಗೆ ಎಲೆ ಅವಕೆಂಪು 45, ಕೆಂಪು 5 ಪ್ರತಿಫಲಿಸಿದರೆ 40ನ್ನ 50ರಿಂದ ಭಾಗಿಸಿ 0.8. ಸೊರಗಿ 30 ಮತ್ತು 15 ಆದರೆ 0.33. ಹಾಗಾಗಿ ಯಾರಾದರೂ ಸಾಮಾನ್ಯ ಕ್ಯಾಮೆರಾ ಇರುವ ಡ್ರೋನ್ ಹಾರಿಸಿ ಎಕರೆಗಿಷ್ಟು ಅಂತ ದುಡ್ಡು ತಗೊಂಡು ಕೆಂಪು-ಹಸಿರು ನಕ್ಷೆ ಕೊಟ್ಟರೆ ಒಂದೇ ಪ್ರಶ್ನೆ ಕೇಳಿ: ಅವಕೆಂಪಿಗೆ ಬೇರೆ ಸೆನ್ಸರ್ ಇದೆಯಾ? ಇಲ್ಲ ಅಂದರೆ ಅದು ಎನ್‌ಡಿವಿಐ ಅಲ್ಲ, ನಿಮ್ಮ ಮೊಬೈಲ್ ಕೊಡುವ ಮೂರೇ ಬಣ್ಣದ ಲೆಕ್ಕ.

ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ ಅವಕೆಂಪು ಸೇರಿ 13 ಬಣ್ಣಪಟ್ಟಿ ಇವೆ, ಚಿತ್ರ ಉಚಿತ. ಆದರೆ ಅದರ ಕೆಂಪು, ಅವಕೆಂಪು ಪಟ್ಟಿಗಳಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಎಕರೆಗೆ ಸುಮಾರು 40 ಚುಕ್ಕಿ. ಭತ್ತ, ಜೋಳ, ಕಬ್ಬಿಗೆ ಉಪಯೋಗಕ್ಕೆ ಬರುತ್ತೆ. ಅಡಿಕೆ ತೋಟದ ಮೇಲಿಂದ ಅದಕ್ಕೆ ಕಾಣೋದು ಅಡಿಕೆ ಸೋಗೆ. ಕೆಳಗೆ ಮೆಣಸಿನ ಬಳ್ಳಿ ಹಳದಿಯಾಗ್ತಿರೋದು ಆಕಾಶದಿಂದ ಗೊತ್ತಾಗಲ್ಲ.

ಆ ಅಣ್ಣನ ತೋಟದಲ್ಲಿ ಸತ್ತ ಬಳ್ಳಿ ಬೇರುಸಮೇತ ಕಿತ್ತು ಸುಟ್ಟೆವು. ಉಳಿದವಕ್ಕೆ ಬೇವಿನ ಹಿಂಡಿ, ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಟ್ಟು, ಬಸಿಗಾಲುವೆ ಆಳ ಮಾಡಿಸಿದ್ದಾರೆ. ಈಗ ಅವರು ಹದಿನೈದು ದಿನಕ್ಕೊಮ್ಮೆ ಫೋಟೋ ಕಳಿಸ್ತಾರೆ, ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಮೇಲೆ ಎರಡು ಎಲೆ ಇಟ್ಟು. ಎಡಗಡೆ ಇರೋದು ಯಾವಾಗಲೂ ಮನೆ ಹಿಂದಿನ ಹಲಸಿನ ಮರದ ಬಳ್ಳಿಯ ಎಲೆ, ಅದಕ್ಕೆ ಇನ್ನೂ ಏನೂ ಆಗಿಲ್ಲ.